ಮೈನಸ್ ಹನ್ನೊಂದು

ಬಳ್ಳಾರಿ, ಮುಂಡರಗಿ ರಸ್ತೆಯ ತಗಡಿನ ಗೋಡೌನು.
ಮಾರ್ಚ್ ಮೂವತ್ತೊಂದು, ಮಧ್ಯಾಹ್ನ ಮೂರು.
ಫ್ಯಾನು ಅದದೇ ಬಿಸಿಗಾಳಿಯನ್ನು
ಮಡಚಿ ಮಡಚಿ ಕೆಳಗಿಡುತ್ತಿತ್ತು.
ಒಂಬತ್ತನೇ ರ್‍ಯಾಕು, ಎರಡನೇ ಅರೆ:
ಹಿತ್ತಾಳೆ ಜಿಪ್ಪು, ಆರಿಂಚು, ಡಬ್ಬಕ್ಕೆ ಇನ್ನೂರು.
ಅರೆಯಲ್ಲಿ ಧೂಳು ಬಿಟ್ಟರೆ ಏನೂ ಇಲ್ಲ.
ಸಿಸ್ಟಮ್ಮಿನಲ್ಲಿ ಕೆಂಪಕ್ಷರ,
ಮೈನಸ್ ಹನ್ನೊಂದು ಡಬ್ಬ.

"ಇಲ್ಲ ಅಂದ್ರೆ ಇಲ್ಲ," ಅಂದಳು ಸುಂಕಮ್ಮ,
"ಇಲ್ಲಕ್ಕಿಂತ ಕಮ್ಮಿ ಹೆಂಗಿರ್ತೈತಪ್ಪ?"
ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು
ಖಾಲಿ ಅರೆಯೊಳಗೆ ಕೈಯಾಡಿಸಿದಳು,
ಹನ್ನೊಂದು ಡಬ್ಬದಷ್ಟು ಆಳಕ್ಕೆ
ಯಾರೋ ಅಲ್ಲೊಂದು ಗುಂಡಿ ತೋಡಿರಬಹುದೆಂಬಂತೆ.

ಮಾಲೀಕರು ಪಿಸ್ಸೆ, ಕನ್ನಡಕ ಹಣೆಗೇರಿಸಿ ಬಂದರು.
ಕದ್ದಿದ್ದರೆ, ಲೆಕ್ಕದಲ್ಲಿದ್ದದ್ದು ರ್‍ಯಾಕಿನಲ್ಲಿ ಇರಬಾರದು.
ಇದು ಉಲ್ಟಾ. ಬಂದೇ ಇಲ್ಲದ ಜಿಪ್ಪು
ಎರಡು ಸಾವಿರದ ಇನ್ನೂರು ಪ್ಯಾಂಟಿಗೆ ಕೂತು,
ನೀಲಿ ನೀರಲ್ಲಿ ಮಿಂದು, ಇಸ್ತ್ರಿಯಾಗಿ
ಇಂದೋರಿನ ಲಾರಿ ಹತ್ತಿದೆ.
"ಯಾವನಲೇ ಇವನು,
ರಾತ್ರಿ ಬಂದು ಇಟ್ಟು ಹೋಗೋ ಕಳ್ಳ?"
ಯಾರೂ ನಗಲಿಲ್ಲ. ಹೊಸ ಸಿಸ್ಟಮ್ಮಿಗೆ
ಎಷ್ಟು ಸುರಿದಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು.

ಸಾಫ್ಟ್‌ವೇರಿನವನು ಫೋನಿನಲ್ಲಿ ತಣ್ಣಗೆ ಅಂದ:
ಮಷೀನು ತಪ್ಪಲ್ಲ ಸಾರ್, ಎಂಟ್ರಿ ನೋಡಿ.
ಎಂಟ್ರಿ ಅಂದರೆ ನಾನು.

ರಾತ್ರಿ, ಒಗ್ಗರಣೆ ಮಿರ್ಚಿಯ ಪೊಟ್ಟಣ ಎಣ್ಣೆ ಬಿಡುತ್ತಿರಲು
ಆಫೀಸಿನ ಬಿಲ್ಲುಗಳನ್ನೂ ನನ್ನ ಗೀಟುಗಳನ್ನೂ
ಮೊದಲ ಸಲ ಎದುರಾಬದುರಾ ಕೂರಿಸಿದೆ.
ಬಿಲ್ಲಿನಲ್ಲಿ ನಲವತ್ತು, ನನ್ನಲ್ಲಿ ಮೂವತ್ತೊಂಬತ್ತು.
ಬಿಲ್ಲಿನಲ್ಲಿ ಇಪ್ಪತ್ತೈದು, ನನ್ನಲ್ಲಿ ಇಪ್ಪತ್ನಾಲ್ಕು.
ಹನ್ನೊಂದು ಲೋಡು.
ಪ್ರತಿ ಲೋಡಿಗೂ ಒಂದೇ ಒಂದು ಡಬ್ಬ
ಗೇಟಿಗೂ ನನ್ನ ಪೆನ್ನಿಗೂ ನಡುವೆ ಮಾಯ.

"ಒಂದ್ಸಲ ಎಣಿಸು ಸುಂಕಮ್ಮ, ದಿನಾ ಎಣಿಸಿದಂಗೆ."
ದಾರದ ಡಬ್ಬಗಳನ್ನು ನೆಲಕ್ಕೆ ಇಳಿಸತೊಡಗಿದಳು.
"ಲಾಭ," ಅಂದಳು.
ನನ್ನ ಪೆನ್ನು ಸುಮ್ಮನಿತ್ತು.
"ಎರಡು." ಒಂದು ಗೀಟು ಎಳೆದೆ.

ಎಳೆದು, ಆ ಗೀಟನ್ನೇ ನೋಡುತ್ತ ಕೂತೆ.

ತೆಂಗಿನಕಾಯಿ ಒಡೆದಂತೆ, ಮೊದಲಿಗೊಂದು ಶಾಸ್ತ್ರದ ಮಾತು
ಅಂದುಕೊಂಡಿದ್ದೆ ಇಷ್ಟು ದಿನ.
ಕಣದಲ್ಲಿ ಕಾಳು ಅಳೆದವರಿಗೆ ಗೊತ್ತಂತೆ
ರಾಶಿಯ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ ಎಂದು.
ನಮ್ಮ ಮನೆಗೆ ಅಳೆಯುವಷ್ಟು ಕಾಳು ಬಂದದ್ದಿಲ್ಲ.
ಬಂದದ್ದು ರೇಷನ್ ಅಕ್ಕಿ, ತಕ್ಕಡಿಯ ಕಡೆಯಿಂದ.
ಅಪ್ಪ ಎಣಿಸಿದ್ದು ಸಿರುಗುಪ್ಪ ಬಸ್ಸಿನ ಟಿಕೀಟು;
ಅಲ್ಲಿ ಒಂದು ಅಂದರೆ ಒಂದೇ,
ಕಮ್ಮಿ ಬಿದ್ದರೆ ಸಂಬಳದಿಂದ.

ಹನ್ನೊಂದು ಸಲ ಅವಳು ಲಾಭ ಅಂದಿದ್ದಳು,
ಒಂದನ್ನೂ ನಾನು ಬರೆದುಕೊಂಡಿರಲಿಲ್ಲ.

ಸರಿಪಡಿಸಲು ಸಿಸ್ಟಮ್ಮು ಕಾರಣ ಕೇಳಿತು.
ಕಳವು. ಹಾಳು. ವಾಪಸು. ಅವಧಿ ಮೀರಿದ್ದು. ಇತರೆ.
ಇತರೆ ಒತ್ತಿದೆ.
ಕೆಂಪು ಹೋಗಿ ಕಪ್ಪು ಸೊನ್ನೆ ಬಂತು,
ಖಾಲಿ ಅರೆಗೆ ಒಪ್ಪುವಂಥ ಸೊನ್ನೆ.
ಪಿಸ್ಸೆ ನಕ್ಕರು, ಆಮೇಲೆ ಬೈದರು, ಆಮೇಲೆ
ಇಂಗ್ಲಿಷಿನಲ್ಲಿ ಎಣಿಸಿ ಅಂದರು ಇಬ್ಬರಿಗೂ.

ಮರುದಿನ ಲಾರಿ ಬಂತು.
"ಲಾಭ," ಅಂದಳು ಸುಂಕಮ್ಮ, ಮೆಲ್ಲಗೆ,
ಪಿಸ್ಸೆಗೆ ಕೇಳದ ಹಾಗೆ. ಗೀಟೆಳೆದೆ.
ಎರಡು, ಮೂರು, ನಾಲ್ಕು, ಐದು, ಆರು,
"ಆರರ ಮೇಲೊಂದು."

ಇದೇನು ಮತ್ತೆ? ಪೆನ್ನು ತಡೆಯಿತು.
"ಮಾಲಿಗೆ ಏಳು ಅನ್ನಬಾರದಪ್ಪ, ಎದ್ದು ಹೋಗಿಬಿಡ್ತೈತೆ.
ತೆಲುಗಿನಾಗೆ ಅಂದ್ರೆ ಅಳ್ತೈತೆ."
ಡಬ್ಬ ಅವಳ ಸೊಂಟದ ಮೇಲೇ ಇತ್ತು.
"ಬರ್ಕೊಂಡ್ಯಾ?"